ಬೆಂಗಳೂರಿನಾಚೆ ಕೆಲಸ: ಕೋಟಿ ಎಣಿಸೋದಾ, ಆಳು ಎಣಿಸೋದಾ?

ಒಂದು ಸಣ್ಣ ಭಾಗಾಕಾರದಿಂದ ಶುರು ಮಾಡೋಣ.

ಕರ್ನಾಟಕದ 2014-19ರ ಕೈಗಾರಿಕಾ ನೀತಿ 5 ಲಕ್ಷ ಕೋಟಿ ರೂಪಾಯಿ ಹೂಡಿಕೆ, 15 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿತ್ತು. 2020-25ರ ನೀತಿ ಅದೇ 5 ಲಕ್ಷ ಕೋಟಿಗೆ 20 ಲಕ್ಷ ಉದ್ಯೋಗ ಎಂದಿತು. ಈಗಿನ 2025-30ರ ನೀತಿ ಹೂಡಿಕೆಯ ಗುರಿಯನ್ನು 7.5 ಲಕ್ಷ ಕೋಟಿಗೆ ಏರಿಸಿದೆ. ಉದ್ಯೋಗ ಮಾತ್ರ 20 ಲಕ್ಷದಲ್ಲೇ ನಿಂತಿದೆ. ಅಂದರೆ ಹಿಂದಿನ ನೀತಿಯ ಪ್ರಕಾರ ಒಂದು ಕೆಲಸ ಹುಟ್ಟಲು 25 ಲಕ್ಷ ರೂಪಾಯಿ ಹೂಡಿಕೆ ಸಾಕಿತ್ತು. ಈಗಿನ ನೀತಿಯ ಪ್ರಕಾರ 37.5 ಲಕ್ಷ ಬೇಕು.

ಇದು ಬರೀ ಗುರಿಯ ಮಾತಾಯಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ಸಮಾವೇಶ ನಡೆಯಿತಲ್ಲ, ಅಲ್ಲಿ ಸರ್ಕಾರ ಘೋಷಿಸಿದ ಹೂಡಿಕೆ 10.27 ಲಕ್ಷ ಕೋಟಿ. ಅದರಿಂದ ಬರುತ್ತವೆ ಎಂದ ಉದ್ಯೋಗ 6 ಲಕ್ಷ. ಭಾಗಿಸಿ ನೋಡಿ. ಒಂದು ಕೆಲಸಕ್ಕೆ ಸುಮಾರು 1.7 ಕೋಟಿ!

ನೀತಿಯ ಪುಸ್ತಕದಲ್ಲಿ 37.5 ಲಕ್ಷ, ವೇದಿಕೆಯ ಮೇಲೆ 1.7 ಕೋಟಿ. ಯಾರೂ ಸುಳ್ಳು ಹೇಳುತ್ತಿಲ್ಲ. ಬಂದ ಹೂಡಿಕೆಯೇ ಬೇರೆ ಜಾತಿಯದು, ಅಷ್ಟೇ. ಒಡಂಬಡಿಕೆಗಳಲ್ಲಿ ದೊಡ್ಡ ಪಾಲು ಸೋಲಾರ್, ಗಾಳಿ ವಿದ್ಯುತ್ತಿನಂಥವುಗಳದ್ದು. ಜೊತೆಗೆ ಉಕ್ಕು. ಇವಕ್ಕೆಲ್ಲ ಹಣ ಜಾಸ್ತಿ ಬೇಕು, ಆಳು ಕಮ್ಮಿ ಸಾಕು.

ಪಾವಗಡದ ಸೋಲಾರ್ ಪಾರ್ಕ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್. ಕಣ್ಣು ಹಾಯಿಸಿದಷ್ಟು ದೂರ ನೀಲಿ ಹಲಗೆಗಳು. ನಾನು ಹೋದಾಗ ಹಲಗೆಗಳ ಸಾಲಿನ ನಡುವೆ ಒಬ್ಬರು ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದರು. ಹುಲ್ಲು ಬೆಳೆದು ನೆರಳು ಬಿದ್ದರೆ ವಿದ್ಯುತ್ ಕಮ್ಮಿಯಾಗುತ್ತದೆ, ಅದಕ್ಕೆ ಈ ಕೆಲಸ. ಅದೇ ನೆಲದಲ್ಲಿ ಮೊದಲು ಅವರ ಮನೆಯವರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಅಲ್ಲಿ ಸಿಗುವ ಕೆಲಸಗಳು ಮೂರೇ: ಕಾವಲು, ಹುಲ್ಲು ಕೊಯ್ಯೋದು, ಹಲಗೆ ತೊಳೆಯೋದು. ಎಂಜಿನಿಯರ್‌ಗಳು ಇದ್ದಾರೆ, ಆದರೆ ಬೆರಳೆಣಿಕೆ.

ಹಾಗಂತ ಪಾವಗಡ ಸೋತ ಯೋಜನೆ ಅಲ್ಲ. ಅಲ್ಲಿ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಡುವ ಊರಲ್ಲಿ ಅದು ಸಣ್ಣ ಮಾತಲ್ಲ. ಆದರೆ ಜಮೀನು ಇದ್ದವನಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನು ಬಂತು? ವಿದ್ಯುತ್ ಯೋಜನೆಯಾಗಿ ಪಾವಗಡ ಗೆದ್ದಿದೆ. ಉದ್ಯೋಗ ಯೋಜನೆ ಎಂದು ಕರೆದರೆ ಮಾತ್ರ ತೊಂದರೆ.

ನನ್ನ ತಕರಾರು ಇಷ್ಟೇ. ನಾವು ಪ್ರಾದೇಶಿಕ ಅಭಿವೃದ್ಧಿಯನ್ನು ಕೋಟಿಗಳಲ್ಲಿ, ಎಕರೆಗಳಲ್ಲಿ ಎಣಿಸುತ್ತೇವೆ. ಆಳುಗಳಲ್ಲಿ ಎಣಿಸೋದಿಲ್ಲ. ಯಾವುದನ್ನು ಎಣಿಸುತ್ತೇವೋ ಅದೇ ಬೆಳೆಯುತ್ತಿದೆ.

ನಂಜುಂಡಪ್ಪನವರ ಪಟ್ಟಿ

ಯಾವ ಊರು ಎಷ್ಟು ಹಿಂದೆ ಬಿದ್ದಿದೆ ಅಂತ ಸರ್ಕಾರಕ್ಕೆ ಗೊತ್ತಿಲ್ಲ ಅನ್ನುವಂತಿಲ್ಲ. 2000ದಲ್ಲಿ ಡಿ.ಎಂ. ನಂಜುಂಡಪ್ಪ ಅವರ ಸಮಿತಿ ನೇಮಕವಾಯಿತು, 2002ರಲ್ಲಿ ವರದಿ ಬಂತು. ಆಗಿದ್ದ 175 ತಾಲ್ಲೂಕುಗಳನ್ನೂ 35 ಅಳತೆಗೋಲುಗಳಿಂದ ಅಳೆದರು. 114 ತಾಲ್ಲೂಕುಗಳು ರಾಜ್ಯದ ಸರಾಸರಿಗಿಂತ ಕೆಳಗೆ ಬಂದವು. ಅದರಲ್ಲಿ 39 'ಅತ್ಯಂತ ಹಿಂದುಳಿದ' ತಾಲ್ಲೂಕುಗಳು. ಆ 39ರಲ್ಲಿ 26 ಉತ್ತರ ಕರ್ನಾಟಕದವು, 21 ಅಂದಿನ ಗುಲ್ಬರ್ಗಾ ವಿಭಾಗ ಒಂದರಲ್ಲೇ. ಎಂಟು ವರ್ಷಕ್ಕೆ 31 ಸಾವಿರ ಕೋಟಿಯ ವಿಶೇಷ ಯೋಜನೆ ಬೇಕು ಅಂತ ಶಿಫಾರಸು ಮಾಡಿದರು. ವರದಿ ಕೈಸೇರಿದ ಮೇಲೆ ಯೋಜನೆ ಶುರುವಾಗಲು ಐದು ವರ್ಷ ಹಿಡಿಯಿತು. 2007-08ರಲ್ಲಿ ಕಾಲಿಟ್ಟಿತು.

ನಂಜುಂಡಪ್ಪನವರ ಪಟ್ಟಿಯ ದೊಡ್ಡ ಗುಣ ಅಂದರೆ ಅದು ಜಿಲ್ಲೆಯನ್ನಲ್ಲ, ತಾಲ್ಲೂಕನ್ನು ನೋಡಿತು. ಜಿಲ್ಲೆಯ ಸರಾಸರಿಯಲ್ಲಿ ಏನು ಬೇಕಾದರೂ ಅಡಗಿ ಕೂರಬಹುದು. ರಾಯಚೂರು ಜಿಲ್ಲೆಯಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇದೆ, ಹಟ್ಟಿ ಚಿನ್ನದ ಗಣಿ ಇದೆ, ಸಿಂಧನೂರಿನ ಭತ್ತ ಇದೆ. ಅದೇ ಜಿಲ್ಲೆಯಲ್ಲಿ ಹಿಂದುಳಿದ ದೇವದುರ್ಗವೂ ಇದೆ.

ಈಗ ತಾಲ್ಲೂಕುಗಳು 230 ದಾಟಿವೆ. 2024ರಲ್ಲಿ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಹೊಸ ಸಮಿತಿ ಮಾಡಿ, ಮತ್ತೆ ಅಳೆಯುವ ಕೆಲಸ ಕೊಟ್ಟಿತು. ಅಳೆಯೋದು ಬೇಕು, ನಿಜ. ಆದರೆ ಅಂತರ ಬರಿಗಣ್ಣಿಗೇ ಕಾಣುತ್ತಿದೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರದ್ದೇ. ಅಲ್ಲಿನ ತಲಾ ಆದಾಯ ಕಲಬುರಗಿಯದ್ದಕ್ಕಿಂತ ಸುಮಾರು ಐದು ಪಟ್ಟು. ಇನ್ನು ಸಂವಿಧಾನದ 371(ಜೆ) ವಿಧಿ 2013ರಿಂದ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿ, ಕಾಲೇಜು ಸೀಟುಗಳಲ್ಲಿ ಪಾಲು ಕೊಟ್ಟಿದೆ. ಅದರಿಂದ ಮೇಲೆ ಬಂದ ಮನೆಗಳನ್ನು ನಾನೇ ನೋಡಿದ್ದೇನೆ. ಆದರೆ ಖಾಸಗಿ ಕಾರ್ಖಾನೆಯನ್ನು ಕರೆತರುವ ಶಕ್ತಿ ಆ ವಿಧಿಗಿಲ್ಲ.

ಮೊದಲು ಎಕರೆ, ಆಮೇಲೆ ಮಿಕ್ಕಿದ್ದು

ಸರ್ಕಾರದ ಹತ್ತಿರ ಇರುವ ಹಳೇ ಆಯುಧ ಭೂಮಿ. 1966ರ ಕಾಯ್ದೆಯಿಂದ ಹುಟ್ಟಿದ ಕೆಐಎಡಿಬಿ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಜಮೀನು ಹಿಡಿಯುತ್ತದೆ, ಲೇಔಟ್ ಮಾಡುತ್ತದೆ, ಪ್ಲಾಟು ಹಂಚುತ್ತದೆ. ಜಮೀನು ಇದ್ದರೆ ಕಂಪನಿ ಬರುತ್ತದೆ, ಕಂಪನಿ ಬಂದರೆ ಕೆಲಸ ಬರುತ್ತದೆ ಅನ್ನೋದು ಅದರ ಹಿಂದಿನ ನಂಬಿಕೆ.

ಬಳ್ಳಾರಿಯ ಕುಡತಿನಿಯಲ್ಲಿ ಆ ನಂಬಿಕೆಗೆ ಏನಾಯಿತು ನೋಡಿ. 2010ರ ಸುಮಾರಿಗೆ, ಜಾಗತಿಕ ಹೂಡಿಕೆದಾರರ ಸಮಾವೇಶದ ಹುರುಪಿನಲ್ಲಿ, ಮೂರು ಉಕ್ಕಿನ ಕಾರ್ಖಾನೆಗಳಿಗೆ ಅಂತ ಸುತ್ತಲಿನ ಹಳ್ಳಿಗಳ ಸುಮಾರು 12 ಸಾವಿರ ಎಕರೆ ಸ್ವಾಧೀನವಾಯಿತು. ಅದರಲ್ಲಿ ಒಂದು ಜಗತ್ತಿನ ದೊಡ್ಡ ಉಕ್ಕು ಕಂಪನಿಗಳಲ್ಲಿ ಒಂದಾದ ಆರ್ಸೆಲರ್ ಮಿತ್ತಲ್‌ಗೆ. ಕಾರ್ಖಾನೆ ಬರಲೇ ಇಲ್ಲ. 2022ರ ಡಿಸೆಂಬರ್‌ನಲ್ಲಿ ರೈತರು ಧರಣಿ ಕೂತರು, ವರ್ಷಗಟ್ಟಲೆ ಕೂತರು. ಅವರು ಕೇಳಿದ್ದು ಸರಳ: ಕಾರ್ಖಾನೆ ಕಟ್ಟಿ ಕೆಲಸ ಕೊಡಿ, ಇಲ್ಲ ಸರಿಯಾದ ಬೆಲೆ ಕೊಡಿ, ಅದೂ ಇಲ್ಲ ಅಂದ್ರೆ ಭೂಮಿ ವಾಪಸ್ ಕೊಡಿ. ಕಾರ್ಖಾನೆ ಬೇಡ ಅಂತ ಹೋರಾಡುವ ರೈತರ ಸುದ್ದಿ ನಾವು ಬೇಕಾದಷ್ಟು ಓದಿದ್ದೇವೆ. ಇವರು ಕೊಟ್ಟ ಭೂಮಿಗೆ ಕಾರ್ಖಾನೆ ಎಲ್ಲಿ ಅಂತ ಕೇಳಿದವರು.

ದೇವನಹಳ್ಳಿಯದ್ದು ಇನ್ನೊಂದು ತರಹ. ವಿಮಾನ ಉದ್ಯಮದ ಪಾರ್ಕಿಗೆ ಅಂತ ಗುರುತಿಸಿದ್ದ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗಾಗಿ 1,198 ದಿನ ಹೋರಾಟ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟರು. ಬೆನ್ನಿಗೇ ಆಂಧ್ರದ ಸಚಿವ ನಾರಾ ಲೋಕೇಶ್ ವಿಮಾನ ಉದ್ಯಮದವರನ್ನು ತಮ್ಮಲ್ಲಿಗೆ ಕರೆದರು. ಎರಡು ರಾಜ್ಯಗಳ ಪೈಪೋಟಿ ಅಂತ ಟೀವಿಯಲ್ಲಿ ಚೆನ್ನಾಗಿ ಓಡಿತು. ನನಗೆ ಕಂಡ ಪ್ರಶ್ನೆ ಬೇರೆ. ವಿಮಾನದ ಬಿಡಿಭಾಗ ಮಾಡಲು ವಿಮಾನ ನಿಲ್ದಾಣದ ಪಕ್ಕದ ದ್ರಾಕ್ಷಿ ತೋಟವೇ ಬೇಕಾ?

ಬೇಕಿಲ್ಲ. ಅದಕ್ಕೆ ಉತ್ತರ ಬೆಳಗಾವಿಯಲ್ಲಿದೆ.

ಬೆಳಗಾವಿಯಲ್ಲಿ ಆದದ್ದು

ಬೆಳಗಾವಿಯಿಂದ ಪುಣೆ ಕಡೆ ಹೈವೇ ಹಿಡಿದರೆ ಹತ್ತರಗಿ ಸಿಗುತ್ತದೆ. ಅಲ್ಲಿನ ವಿಶೇಷ ಆರ್ಥಿಕ ವಲಯದಲ್ಲಿ ಏಕಸ್ ಕಂಪನಿ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ತಯಾರಿಸುತ್ತದೆ. ಸುತ್ತ ಕಬ್ಬು, ಜೋಳದ ಹೊಲಗಳು. ಇಂಥ ಕಡೆ ಇಂಥ ಕೆಲಸ ಹೇಗೆ ಬಂತು?

ಒಂದೇ ದಿನದಲ್ಲಿ ಬರಲಿಲ್ಲ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ದಶಕಗಳಿಂದ ಫೌಂಡ್ರಿಗಳಿದ್ದವು. ಎರಕ ಹೊಯ್ಯುವವರು, ಅದನ್ನು ಲೇತ್‌ಗೆ ಹಾಕಿ ತಿದ್ದುವವರು, ಪ್ಯಾಟರ್ನ್ ಮಾಡುವವರು, ಡೈ ಮಾಡುವವರು ಎಲ್ಲ ಅಲ್ಲೇ. ಕೊಲ್ಹಾಪುರದ ಎಂಜಿನ್, ಪಂಪು ಉದ್ಯಮ ಒಂದು ಕೈಯಳತೆಯಲ್ಲಿ. ಪುಣೆಯ ಮೋಟಾರು ಕಂಪನಿಗಳು ಇನ್ನೊಂದು ಹೆಜ್ಜೆ ಆಚೆ. ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಂದರೆ ಏನು ಅಂತ ಹತ್ತನೇ ಕ್ಲಾಸ್ ಫೇಲಾದ ಹುಡುಗನಿಗೂ ಗೊತ್ತಿದ್ದ ಊರು ಅದು. ಕಂಪನಿ ಕಟ್ಟಿದ ಅರವಿಂದ ಮೆಳ್ಳಿಗೇರಿ ಕೂಡ ಆ ಭಾಗದವರೇ. ಇದ್ದ ಕಸುಬಿನ ಮೇಲೆ ಹೊಸ ಕಸುಬು ಕೂತಿತು. ಯಾವ ನೀತಿಯ ಯಾವ ಕಲಮಿನಿಂದ ಇದಾಯಿತು ಅಂತ ತೋರಿಸಲು ಕಷ್ಟ. ವಲಯಕ್ಕೆ ಸಿಕ್ಕ ತೆರಿಗೆ ರಿಯಾಯಿತಿ, ಜಮೀನು, ರಸ್ತೆ ಎಲ್ಲ ನೆರವಾಗಿವೆ. ಆದರೆ ಅದೇ ರಿಯಾಯಿತಿಯನ್ನು ಲೇತ್ ಇಲ್ಲದ ಊರಿಗೆ ಕೊಟ್ಟಿದ್ದರೆ ಅಲ್ಲಿ ಕಾಂಪೌಂಡ್ ಗೋಡೆ ಎದ್ದಿರುತ್ತಿತ್ತು, ಅಷ್ಟೇ.

ಅದೇ ಕಂಪನಿ ಕೊಪ್ಪಳದ ಭಾನಾಪುರದ ಹತ್ತಿರ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಶುರು ಮಾಡಿತು. 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, ಹತ್ತಾರು ಸಾವಿರ ಉದ್ಯೋಗದ ಮಾತು ಬಂತು. ಕಾರ್ಖಾನೆ ನಡೆಯುತ್ತಿದೆ, ಹಳ್ಳಿಯ ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿದೆ. ಆದರೆ ಆ ದೊಡ್ಡ ಸಂಖ್ಯೆ ಇನ್ನೂ ದೂರ. ಆಟಿಕೆಗೆ ಬೇಕಾದ ಅಚ್ಚು, ಮೋಟಾರು, ಬಣ್ಣ, ಪ್ಯಾಕಿಂಗ್ ಮಾಡುವ ಸಣ್ಣ ಘಟಕಗಳ ಬಳಗ ಅಲ್ಲಿ ಹೊಸದಾಗಿ ಹುಟ್ಟಬೇಕು. ಆಟಿಕೆ ಉದ್ಯಮಕ್ಕೆ ನಿಜವಾಗಿ ಗಾಳಿ ಬೀಸಿದ್ದೂ ದೆಹಲಿಯಿಂದ. 2020ರಲ್ಲಿ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು, 2021ರಿಂದ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. (ಮರದ ಬೊಂಬೆಗೆ ಹೆಸರಾದ ಕಿನ್ನಾಳವೂ ಕೊಪ್ಪಳ ತಾಲ್ಲೂಕಿನದೇ. ಆಟಿಕೆ ಕ್ಲಸ್ಟರ್‌ನ ಭಾಷಣಗಳಲ್ಲಿ ಅದರ ಹೆಸರು ಬರುತ್ತದೆ. ಅಲ್ಲಿನ ಚಿತ್ರಗಾರರ ಮನೆಗಳಿಗೆ ಏನು ಬಂತು ಅನ್ನೋದು ಬೇರೆ ಮಾತು.)

ನನ್ನ ಪರಿಚಯದವರೊಬ್ಬರು ಉತ್ತರ ಕರ್ನಾಟಕದ ಒಂದು ಊರಿನ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಹಾಕಿದ್ದಾರೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೆತ್ತುವ ಒಂದು ಸೆಕೆಂಡ್ ಹ್ಯಾಂಡ್ ವಿಎಂಸಿ ಮಷೀನು, ಎರಡು ಲೇತ್, ಏಳು ಜನ ಹುಡುಗರು. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್. ಅವರ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು. ಎರಡು ಸೆಕೆಂಡು ಇರಬಹುದು. ಮನೆಯಲ್ಲಾದರೆ ಫ್ಯಾನು ನಿಧಾನವಾಗಿ ಮತ್ತೆ ತಿರುಗುತ್ತದೆ, ನಮಗೆ ಗೊತ್ತೂ ಆಗೋದಿಲ್ಲ. ಇಲ್ಲಿ ಮಷೀನು ಲೋಹದೊಳಗೆ ಅರ್ಧ ಇಳಿದಿತ್ತು. ಟಕ್ ಅಂತ ಟೂಲ್ ಮುರಿಯಿತು. ಮೂರು ಗಂಟೆಯಿಂದ ಕೆತ್ತುತ್ತಿದ್ದ ಪೀಸು ಸ್ಕ್ರ್ಯಾಪ್ ಡಬ್ಬಕ್ಕೆ ಹೋಯಿತು. ಅವರು ಬೈಯಲೂ ಇಲ್ಲ. ಹೊಸ ಟೂಲ್ ತೆಗೆದು ಸಿಕ್ಕಿಸುತ್ತಾ, "ಇದು ಈ ವಾರದ್ದು ಎರಡನೇದು" ಎಂದರು.

ಅವರಿಗೆ ಬರಬೇಕಾದ ಸಬ್ಸಿಡಿ ಎರಡು ವರ್ಷದಿಂದ ಟೇಬಲ್ಲಿನಿಂದ ಟೇಬಲ್ಲಿಗೆ ತಿರುಗುತ್ತಿದೆ. ಅದನ್ನು ಅವರು ಮರೆತೇ ಬಿಟ್ಟಿದ್ದಾರೆ. ಕೇಳೋದು ಎರಡೇ. ಮಿಟುಕಿಸದ ಕರೆಂಟು. ಹೊತ್ತಿಗೆ ಸರಿಯಾಗಿ ಬಿಲ್ಲು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣವರ ಬಿಲ್ಲನ್ನು ದೊಡ್ಡವರು 45 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನಿಗೂ ತಿದ್ದುಪಡಿ ಬಂದಿದೆ. ಇವರಿಗೆ ದುಡ್ಡು ಬರೋದು ನಾಲ್ಕು ತಿಂಗಳಿಗೆ. ದೂರು ಕೊಡಬಹುದಲ್ಲ ಅಂತ ಕೇಳಿದೆ. "ಕೊಟ್ಟರೆ ದುಡ್ಡು ಬರ್ತದ್ರೀ, ಮುಂದಿನ ಆರ್ಡರ್ ಬರಂಗಿಲ್ಲ" ಎಂದರು. ಆ ನಾಲ್ಕು ತಿಂಗಳು ಹುಡುಗರ ಸಂಬಳಕ್ಕೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಸಾಲ. ಬಡ್ಡಿ ಕಟ್ಟಿ ಉಳಿದದ್ದು ಲಾಭ. ಎಂಟನೇ ಹುಡುಗನನ್ನು ಸೇರಿಸಿಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು?

ಇಂಥ ಎಂಟನೇ ಹುಡುಗರದ್ದೇ ಲೆಕ್ಕ ಹಾಕಿ. ಅವರಿಗೆ ಯಾವ ವೇದಿಕೆಯಲ್ಲೂ ಒಡಂಬಡಿಕೆ ಇಲ್ಲ.

ಇದ್ದದ್ದನ್ನು ನೋಡೋದು

ಬಳ್ಳಾರಿಯ ಜೀನ್ಸ್ ಗೊತ್ತಲ್ಲ. ಒಂದು ಮನೆಯಲ್ಲಿ ಕಟಿಂಗ್. ಮುಂದಿನ ಓಣಿಯಲ್ಲಿ ಹೊಲಿಗೆ. ಇನ್ನೆಲ್ಲೋ ಕಾಜಾ, ಗುಂಡಿ, ಜಿಪ್ಪು. ಆಮೇಲೆ ವಾಷಿಂಗ್. ಸ್ಕೂಟರಿನ ಮೇಲೆ ಕಟ್ಟು ಕಟ್ಟು ಪ್ಯಾಂಟು ಓಣಿಯಿಂದ ಓಣಿಗೆ ಹೋಗುತ್ತವೆ. ಊರೇ ಒಂದು ಕಾರ್ಖಾನೆ, ಕಾಂಪೌಂಡ್ ಇಲ್ಲ ಅಷ್ಟೇ. ಯಾವ ಸಮಾವೇಶವೂ ಇದನ್ನು ತಂದದ್ದಲ್ಲ. 2023ರ ಚುನಾವಣೆಯಲ್ಲಿ ರಾಹುಲ್ ಗಾಂಧಿ ಇಲ್ಲಿಗೆ 5 ಸಾವಿರ ಕೋಟಿಯ ಜೀನ್ಸ್ ಪಾರ್ಕ್ ಮಾತು ಕೊಟ್ಟರು. ಪಾರ್ಕ್ ಬಂದರೆ ಒಳ್ಳೆಯದೇ. ಆದರೆ ಈ ಉದ್ಯಮದ ಕುತ್ತಿಗೆ ಸಿಕ್ಕಿಹಾಕಿಕೊಂಡಿರೋದು ಒಂದೇ ಕಡೆ: ವಾಷಿಂಗ್. ಜೀನ್ಸ್ ತೊಳೆಯಲು ರಾಶಿ ನೀರು ಬೇಕು. ತೊಳೆದ ನೀಲಿ ನೀರು ಎಲ್ಲಿಗೋ ಹೋಗಲೇಬೇಕು. ಚರಂಡಿಗೆ ಬಿಟ್ಟರೆ ಮಾಲಿನ್ಯ ಮಂಡಳಿ ಬಾಗಿಲು ಹಾಕಿಸುತ್ತದೆ, ಹಾಕಿಸಲೂ ಬೇಕು. ಶುದ್ಧೀಕರಣ ಘಟಕ ಒಬ್ಬೊಬ್ಬರ ಕೈಗೆ ಎಟುಕೋದಿಲ್ಲ. ಎಲ್ಲರಿಗೂ ಸೇರಿ ಒಂದು ದೊಡ್ಡ ಘಟಕ, ಅದಕ್ಕೊಂದು ನೀರಿನ ಪೈಪು. ಮೊದಲು ಅದನ್ನು ಮಾಡಿ, ಹೆಬ್ಬಾಗಿಲು, ಫಲಕ ಎಲ್ಲ ಆಮೇಲೆ ಇರಲಿ.

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸುತ್ತ ಬೇಳೆ ಮಿಲ್ಲುಗಳಿವೆ. ಇಲ್ಲಿ ರಾಜ್ಯದ ನೀತಿಗಿಂತ ಕೇಂದ್ರದ ಒಂದು ಅಧಿಸೂಚನೆ ದೊಡ್ಡದು. ಬೆಲೆ ಏರಿದರೆ ಸುಂಕವಿಲ್ಲದೆ ತೊಗರಿ ಆಮದು ಮಾಡಿಕೊಳ್ಳುತ್ತಾರೆ. ಹಾಗಾಗಿ ಮಿಲ್ಲಿನವರು ಬೆಂಗಳೂರಿನ ಬಜೆಟ್ಟಿಗಿಂತ ಮ್ಯಾನ್ಮಾರ್, ಮೊಜಾಂಬಿಕ್ ಸುದ್ದಿಯನ್ನೇ ಜಾಸ್ತಿ ಗಮನಿಸುತ್ತಾರೆ. ಪ್ರಾದೇಶಿಕ ಯೋಜನೆ ಬರೆಯುವವರು ಈ ಮಾತನ್ನು ಎಲ್ಲೂ ಹೇಳೋದಿಲ್ಲ.

ಕಲಬುರಗಿಗೇ ಪಿಎಂ ಮಿತ್ರ ಜವಳಿ ಪಾರ್ಕ್ ಕೂಡ ಬಂದಿದೆ. 2023ರಲ್ಲಿ ದೇಶಕ್ಕೆಲ್ಲ ಘೋಷಿಸಿದ ಏಳರಲ್ಲಿ ಒಂದು. ಸಾವಿರ ಎಕರೆ, ಲಕ್ಷ ಉದ್ಯೋಗದ ಮಾತು. ಜವಳಿ ನಿಜಕ್ಕೂ ಆಳು ಬೇಡುವ ಉದ್ಯಮ, ಹಾಗಾಗಿ ನನಗೆ ಇದರ ಮೇಲೆ ಸೋಲಾರ್‌ಗಿಂತ ಆಸೆ ಜಾಸ್ತಿ. ಆದರೆ ಆಳು ಬರುವ ದಾರಿಯ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಕೂರೋದು ಬಹುಪಾಲು ಹೆಣ್ಣುಮಕ್ಕಳು. ಬೆಂಗಳೂರಿನ ಗಾರ್ಮೆಂಟ್ಸ್ ಮದ್ದೂರು, ಮಂಡ್ಯ, ಹಾಸನದ ಕಡೆ ಚಾಚಿಕೊಂಡಾಗ ಅದು ನಡೆದದ್ದು ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಹೊತ್ತು ತರುವ ವ್ಯಾನುಗಳ ಮೇಲೆ. ಬೆಳಗ್ಗೆ ಎಂಟೂವರೆಗೆ ಗೇಟಿನ ಮುಂದೆ ಇಳಿಸಿ, ಕತ್ತಲಾಗುವ ಮುಂಚೆ ಊರು ಮುಟ್ಟಿಸುವ ಗಾಡಿ ಇದ್ದರೆ ಕೆಲಸ ಇದೆ. ಇಲ್ಲದಿದ್ದರೆ ಇಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯನ್ನು ಎಲ್ಲರೂ ಬಿಟ್ಟಿ ಭಾಗ್ಯ ಅಂತ ಜಗಳ ಆಡಿದರು. ಹತ್ತಿರದ ಊರಿನ ಕಾರ್ಖಾನೆಗೆ ಹೋಗಿಬರುವ ಹೆಣ್ಣುಮಗಳ ಪಾಲಿಗೆ ಅದು ಸಂಬಳ ಏರಿಕೆ. ನನ್ನ ಕೇಳಿದರೆ ಅದನ್ನು ಕೈಗಾರಿಕಾ ನೀತಿಯ ಪುಸ್ತಕದಲ್ಲೇ ಸೇರಿಸಬೇಕಿತ್ತು. ಶಿಫ್ಟಿನ ಹೊತ್ತಿಗೆ ಬಸ್ ಬಿಡೋದು ಒಂದು ಬಾಕಿ.

'ಆಚೆ' ಅಂದರೆ ಎಷ್ಟು ಆಚೆ?

'ಬೆಂಗಳೂರಿನಾಚೆ' ಅನ್ನೋದು ಈಗ ಎಲ್ಲರ ಬಾಯಲ್ಲಿರುವ ಮಾತು. ಹೊಸ ನೀತಿಯಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳನ್ನು ಮೂರನೇ ವಲಯ ಅಂತ ಬೇರೆ ಇಟ್ಟು, ಉಳಿದೆಡೆಗೆ ಪ್ರೋತ್ಸಾಹ ಜಾಸ್ತಿ ಮಾಡಿದ್ದಾರೆ. ನಂಜುಂಡಪ್ಪ ಪಟ್ಟಿಯ ಹಿಂದುಳಿದ ತಾಲ್ಲೂಕುಗಳಿಗೆ ಇನ್ನಷ್ಟು. ದಿಕ್ಕು ಸರಿಯಾಗಿದೆ. ಆದರೆ ಕಂಪನಿಗಳು ಜಾಣ. ಬೆಂಗಳೂರಿನ ಗೆರೆಯಿಂದ ಒಂದು ಹೆಜ್ಜೆ ಆಚೆ ಇಟ್ಟು ನಿಲ್ಲುತ್ತವೆ. ಐಫೋನ್ ತಯಾರಾಗುವ ನರಸಾಪುರ ಕೋಲಾರ ಜಿಲ್ಲೆಯೇ ಹೌದು. ಆದರೆ ಅಲ್ಲಿಂದ ಬೆಂಗಳೂರಿಗೆ ಒಂದೂವರೆ ಗಂಟೆ ದಾರಿ. ತುಮಕೂರಿನ ವಸಂತನರಸಾಪುರವೂ ಅಷ್ಟೇ. ಅಲ್ಲಿ ಬಂದದ್ದು ಬೇಡ ಅಂತಲ್ಲ, ಕೋಲಾರದ ಹುಡುಗರಿಗೂ ಕೆಲಸ ಬೇಕು. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಆ ಜಿಲ್ಲೆ ಪಟ್ಟ ಪಾಡು ಸಣ್ಣದಲ್ಲ. ಆದರೆ ಅದನ್ನು ಯಾದಗಿರಿಯ ಖಾತೆಗೆ ಬರೆಯಬಾರದು, ಅಲ್ವಾ?

ಐಟಿ ಕಥೆ ಇನ್ನೂ ತಮಾಷೆ. ಹುಬ್ಬಳ್ಳಿಯಲ್ಲಿ ದೊಡ್ಡ ಐಟಿ ಕಂಪನಿಯ ಕ್ಯಾಂಪಸ್ ಕಟ್ಟಿ ವರ್ಷಗಳೇ ಆದರೂ ಜನ ತುಂಬಲಿಲ್ಲ. 2024ರ ಕೊನೆಗೆ, ಅಲ್ಲಿಗೆ ವರ್ಗವಾಗಿ ಹೋಗುವ ನೌಕರರಿಗೆ ಕಂಪನಿಯೇ ಲಕ್ಷಗಳಲ್ಲಿ ಪ್ರೋತ್ಸಾಹಧನ ಕೊಡುವ ಸುದ್ದಿ ಬಂತು. ಕಟ್ಟಡ ತಂದರೆ ಜನ ತಾವಾಗೇ ಬರೋದಿಲ್ಲ. ಈ ಕಂಪನಿಯ ಕೆಲಸ ಬಿಟ್ಟರೆ ಅದೇ ಊರಲ್ಲಿ ಇನ್ನೆರಡು ಕಡೆ ಕೆಲಸ ಸಿಗಬೇಕು, ಹೆಂಡತಿಗೂ ಕೆಲಸ ಸಿಗಬೇಕು. ಆಗ ಮಾತ್ರ ಜನ ಮನೆ ಮಾಡುತ್ತಾರೆ. ಬೆಂಗಳೂರಿನ ನಿಜವಾದ ಸಬ್ಸಿಡಿ ಅಂದರೆ ಇದೇ.

2024ರ ಜುಲೈನಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರ ಮೀಸಲಾತಿ ಮಸೂದೆ ಎದ್ದು ಬಿದ್ದದ್ದು ನೆನಪಿರಬಹುದು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಅಂತ ಸಂಪುಟ ಒಪ್ಪಿತು. ಉದ್ಯಮದವರು ಕೂಗಿದರು, ಎರಡೇ ದಿನದಲ್ಲಿ ತಡೆಹಿಡಿದರು. ಆ ಜಗಳದಲ್ಲಿ ನನಗೆ ಕಂಡದ್ದು ಒಂದೇ: ಎರಡೂ ಕಡೆಯವರು ಮಾತಾಡುತ್ತಿದ್ದದ್ದು ಬೆಂಗಳೂರಿನ ಕೆಲಸಗಳ ಬಗ್ಗೆ. ದೇವದುರ್ಗದ ಹುಡುಗನ ಮಟ್ಟಿಗೆ ಶೇ 70 ಯಾವುದರ ಶೇ 70?

ಎಲ್ಲ ಕೆಲಸವೂ ಎಲ್ಲರಿಗೂ ಬೇಕಿಲ್ಲ ಅನ್ನೋದೂ ಈಚೆಗೆ ಸ್ಪಷ್ಟವಾಗಿದೆ. ಕೊಪ್ಪಳದ ಪಕ್ಕದಲ್ಲೇ 54 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆ ಬರುತ್ತದೆ ಅಂದಾಗ 2025ರ ಫೆಬ್ರವರಿಯಲ್ಲಿ ಊರಿಗೆ ಊರೇ ಬೀದಿಗಿಳಿಯಿತು. ಗವಿಮಠದ ಸ್ವಾಮೀಜಿ ಕೂಡ ಬಂದರು. ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಕರಿಧೂಳು ಮನೆಯ ಪಾತ್ರೆ, ಹೊಲದ ಬೆಳೆ ಎರಡರ ಮೇಲೂ ಕೂರೋದನ್ನು ಅವರು ವರ್ಷಗಳಿಂದ ನೋಡಿದ್ದಾರೆ. ಕೆಲಸ ನಿಲ್ಲಿಸಿ ಅಂತ ಮುಖ್ಯಮಂತ್ರಿ ಹೇಳಬೇಕಾಯಿತು. ಹೂಡಿಕೆ ಪಟ್ಟಿಯಲ್ಲಿ ಮಾತ್ರ 54 ಸಾವಿರ ಕೋಟಿ ಹಾಗೇ ಕೂತಿತ್ತು.

ಆಳು ಎಣಿಸೋದು ಹೇಗೆ

ಕೇಂದ್ರ ಸರ್ಕಾರ 2025ರ ಆಗಸ್ಟ್ 1ರಿಂದ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಶುರು ಮಾಡಿದೆ. ಎರಡು ವರ್ಷದಲ್ಲಿ 3.5 ಕೋಟಿ ಉದ್ಯೋಗದ ಗುರಿ, ಸುಮಾರು 99 ಸಾವಿರ ಕೋಟಿ ಹಣ. ಗುರಿ ಮುಟ್ಟುತ್ತದೋ ಇಲ್ಲವೋ, ಅದರ ಕೆಲಸದ ಬಗೆ ನನಗೆ ಹಿಡಿಸಿತು. ಹೊಸದಾಗಿ ಆಳುಗಳನ್ನು ಸೇರಿಸಿಕೊಂಡರೆ ಮಾಲೀಕನಿಗೆ ಒಬ್ಬೊಬ್ಬರ ಲೆಕ್ಕಕ್ಕೆ ತಿಂಗಳಿಗೆ 3 ಸಾವಿರದವರೆಗೆ. ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ 15 ಸಾವಿರದವರೆಗೆ, ಎರಡು ಕಂತಿನಲ್ಲಿ. ಎಲ್ಲ ಪಿಎಫ್ ದಾಖಲೆಯ ಲೆಕ್ಕದ ಮೇಲೆ. ಅಂದರೆ ಇಲ್ಲಿ ಹಣ ಎಕರೆಗಲ್ಲ, ಮಷೀನಿಗಲ್ಲ. ತಲೆಗೆ. ಆಳು ಆರು ತಿಂಗಳು ಉಳಿದರೆ ದುಡ್ಡು, ಬಿಟ್ಟರೆ ಇಲ್ಲ.

ಕೊರತೆ ಏನು ಅಂದರೆ, ಈ ಯೋಜನೆಗೆ ವೈಟ್‌ಫೀಲ್ಡೂ ಒಂದೇ, ಸುರಪುರವೂ ಒಂದೇ. ಅಲ್ಲೇ ರಾಜ್ಯ ಕೈ ಜೋಡಿಸಬಹುದು. ಹಿಂದುಳಿದ 39 ತಾಲ್ಲೂಕುಗಳಲ್ಲಿ ತಲೆಗೆ ಇನ್ನಷ್ಟು ಸೇರಿಸಿ ಕೊಟ್ಟರೆ, ಬಂಡವಾಳದ ಸಬ್ಸಿಡಿ ಬರಲಿ ಅಂತ ಎರಡು ವರ್ಷ ಕಾಯುವ ಶೆಡ್ಡಿನ ಮಾಲೀಕ ಎಂಟನೇ ಹುಡುಗನ ಬಗ್ಗೆ ಯೋಚಿಸಿಯಾನು. ರಾಜ್ಯದ 2019-24ರ ಜವಳಿ ನೀತಿಯಲ್ಲಿ ಮಾಲೀಕನ ಪಿಎಫ್, ಇಎಸ್‌ಐ ಪಾಲಿಗೆ ಸರ್ಕಾರ ನೆರವಾಗುವ ಪದ್ಧತಿ ಇತ್ತು. ಅದನ್ನು ಬೇರೆ ಉದ್ಯಮಗಳಿಗೂ ಹರಡಬಹುದು. ನಕಲಿ ಹೆಸರು ಸೇರಿಸುವವರು ಇರುತ್ತಾರೆ, ಗೊತ್ತು. ನಕಲಿ ಹೆಸರು ಹಿಡಿಯೋದು ಖಾಲಿ ಪ್ಲಾಟು ವಾಪಸ್ ಪಡೆಯೋದಕ್ಕಿಂತ ಸುಲಭ.

ಇನ್ನೊಂದು ಕೆಲಸ ದುಡ್ಡಿಲ್ಲದೇ ಆಗುತ್ತದೆ. ಪ್ರತಿ ಸಮಾವೇಶದ ಒಡಂಬಡಿಕೆಗೂ ಒಂದು ತಾಲ್ಲೂಕಿನ ಹೆಸರು ಹಾಕಿ, ಎರಡು ವರ್ಷದ ಮೇಲೆ ಆ ತಾಲ್ಲೂಕಿನಲ್ಲಿ ಎಷ್ಟು ಹೊಸ ಪಿಎಫ್ ಖಾತೆ ತೆರೆದವು ಅಂತ ಪಕ್ಕದಲ್ಲಿ ಬರೆದು ಪ್ರಕಟಿಸೋದು. 2022ರ ಸಮಾವೇಶದಲ್ಲಿ 9.8 ಲಕ್ಷ ಕೋಟಿ ಬಂತು ಅಂದರಲ್ಲ, ಅದರಿಂದಲೇ ಶುರು ಮಾಡಬಹುದು.

ಪಿಎಫ್‌ಗೂ ಸಿಗದ ಲೆಕ್ಕ ಒಂದಿದೆ, ಗುಳೆ, ಅಂದರೆ ಕೆಲಸ ಹುಡುಕಿಕೊಂಡು ಊರು ಬಿಡೋದು. ಅದನ್ನು ಎಣಿಸುವ ಯಂತ್ರವೂ ಸರ್ಕಾರದ ಹತ್ತಿರವೇ ಇದೆ, ಕಂಡಕ್ಟರ್ ಕೈಯಲ್ಲಿ. ಹಿಂಗಾರಿ ಕೆಲಸ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು, ಸುರಪುರದ ಬಸ್ ನಿಲ್ದಾಣಗಳಿಗೆ ರಾತ್ರಿ ಎಂಟರ ಹೊತ್ತಿಗೆ ಹೋಗಿ. ಬೆಂಗಳೂರು ಬಸ್ಸಿನ ಪಕ್ಕ ಜೋಳದ ಚೀಲ, ಅಲ್ಯುಮಿನಿಯಂ ಪಾತ್ರೆ, ಸುತ್ತಿದ ಕೌದಿ, ಮಧ್ಯೆ ನಿದ್ದೆಗಣ್ಣಿನ ಮಕ್ಕಳು. ಪ್ರತಿ ಟಿಕೆಟ್ಟಿನಲ್ಲೂ ಹತ್ತಿದ ಊರು, ಇಳಿಯುವ ಊರು, ತಾರೀಖು ಇರುತ್ತದೆ. ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟಿನಲ್ಲೂ ಇರುತ್ತದೆ. ಯಾವ ತಾಲ್ಲೂಕಿನಿಂದ ಜನವರಿಯಲ್ಲಿ ಎಷ್ಟು ಜನ ಹೋದರು, ಜೂನ್‌ನಲ್ಲಿ ಎಷ್ಟು ಜನ ವಾಪಸ್ ಬಂದರು, ಹೋದ ವರ್ಷಕ್ಕಿಂತ ಎಷ್ಟು ಕಮ್ಮಿ ಅನ್ನೋದೆಲ್ಲ ಕಲಬುರಗಿಯ ಸಾರಿಗೆ ನಿಗಮದ ಕಂಪ್ಯೂಟರಿನಲ್ಲಿ ಕೂತಿದೆ. ಕೈಗಾರಿಕಾ ಇಲಾಖೆಯವರು ಅದನ್ನು ಇಲ್ಲಿಯವರೆಗೆ ಕೇಳಿದ್ದಾರೋ ಇಲ್ಲವೋ, ವಿಚಾರಿಸಬೇಕು.